‘ಅಮ್ಮನ ಪ್ರಾಜೆಕ್ಟ್ ಹಾಳಾಯ್ತು’

ಜಾಣ ಮಗುವನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿರುವ ತಂದೆ-ತಾಯಿ ನನ್ನ ಬಳಿ ಆಪ್ತಸಲಹೆಗೆ ಬಂದಾಗ ದೂರು ಹೆಚ್ಚುಕಡಿಮೆ ಒಂದೇ ಇರುತ್ತದೆ. “ಮೊದಮೊದಲು ಎಷ್ಟು ಆಸೆಯಿಂದ ಕೂರ್ತಿದ್ದ. ಈಗ ಏನು ಕೊಟ್ಟರೂ ಮುಟ್ಟಲ್ಲ, ಮುಟ್ಟಿದರೆ ಹರಿದು ಹಾಕ್ತಾನೆ.” ಇದೇ ಮಾತು ಮತ್ತೆ ಮತ್ತೆ ಕೇಳಿಬರುತ್ತಿರುವುದರಿಂದ ಒಂದು ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ.

ಹುಡುಗನಿಗೆ ಏಳು ವರ್ಷ. ಮಲೆನಾಡಿನ ಸೆರಗಿನ ಒಂದು ಪಟ್ಟಣ. ನಾಲ್ಕು ತುಂಬುವ ಮೊದಲೇ ದಿನಪತ್ರಿಕೆಯ ತಲೆಬರಹ ಓದುತ್ತಿದ್ದ. ಶಾಲೆಯಲ್ಲಿ ಕೊಟ್ಟಿದ್ದನ್ನು ಐದು ನಿಮಿಷಕ್ಕೆ ಮುಗಿಸಿ ಉಳಿದ ಹೊತ್ತು ಪಕ್ಕದವರನ್ನು ಕೆಣಕುತ್ತಿದ್ದ. ಎರಡು ವರ್ಷ ದೂರು ಕೇಳಿ ಸಾಕಾಗಿ ತಂದೆ-ತಾಯಿ ಬಿಡಿಸಿದರು. ತಾಯಿ ಕೆಲಸ ಬಿಟ್ಟರು. ವಾರಕ್ಕೊಂದು ವಿಷಯ, ವಿಷಯಕ್ಕೊಂದು ಪ್ರಾಜೆಕ್ಟ್: ಅಡುಗೆ ಸೋಡಾ ಮತ್ತು ವಿನೆಗರ್ ಸುರಿದು ಜ್ವಾಲಾಮುಖಿ, ಥರ್ಮಾಕೋಲ್ ಗ್ರಹಗಳು, ರಟ್ಟಿನ ಹಂಪಿ ರಥ. ಎಲ್ಲದರ ಫೋಟೋ ಅವರ ಮೊಬೈಲಿನಲ್ಲಿತ್ತು. ಅಂದವಾಗಿದ್ದವು. ಅನುಮಾನ ಶುರುವಾಗಬೇಕಾದದ್ದು ಅಲ್ಲೇ: ಏಳು ವರ್ಷದ ಕೈ ಕತ್ತರಿ ಹಿಡಿದರೆ ರಥದ ಚಕ್ರ ಅಷ್ಟು ದುಂಡಗೆ ಬರುವುದಿಲ್ಲ.

ನನ್ನ ಬಳಿ ಬಂದಾಗ ಅವರ ಬೇಡಿಕೆ ಎರಡು. ಬುದ್ಧಿಮಟ್ಟದ ಪರೀಕ್ಷೆ ಮಾಡಿಸಬೇಕು. ಇವನ ಹಟಕ್ಕೆ ಏನಾದರೂ ಹೇಳಬೇಕು.

ಎರಡಕ್ಕೂ ಉತ್ತರ ಹುಡುಕಿಕೊಂಡು ಹುಡುಗನಿಗೆ ಒಂದು ಕೆಲಸ ಕೊಟ್ಟೆ. ಎರಡು ಸ್ಟೂಲು, ನಡುವೆ ಒಂದೂವರೆ ಅಡಿ ಜಾಗ. ದಿನಪತ್ರಿಕೆಯ ಆರು ಹಾಳೆ, ಒಂದು ಮೊಳ ಟೇಪ್. ಖಾಲಿ ಸ್ಟೀಲ್ ಚೊಂಬು ನಿಲ್ಲುವ ಸೇತುವೆ ಕಟ್ಟಬೇಕು. ತಾಯಿ ಅದೇ ಕೋಣೆಯಲ್ಲಿ, ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಸುಮ್ಮನೆ ನೋಡಬೇಕು ಎಂಬುದಷ್ಟೇ ಅವರಿಗಿದ್ದ ಷರತ್ತು.

ಈ ಕೆಲಸ ಆರಿಸಿಕೊಳ್ಳಲು ಕಾರಣವಿದೆ. ಮೊದಲ ಸಲ ಹೆಚ್ಚಿನವರ ಸೇತುವೆ ಬೀಳುತ್ತದೆ. ಹಾಳೆಯನ್ನು ಹಾಗೇ ಹಾಸಿದರೆ ಚೊಂಬಿಡುವ ಮೊದಲೇ ಜೋತು ಬೀಳುತ್ತದೆ. ಮಡಚಿ ಪಟ್ಟಿ ಮಾಡಿದರೂ ನಡುವೆ ಬಾಗುತ್ತದೆ. ಹಾಳೆಯ ಒಂದು ಮೂಲೆಯಿಂದ ಎದುರು ಮೂಲೆಗೆ, ಪೆನ್ಸಿಲ್ಲಿನ ಸುತ್ತ ಬಿಗಿಯಾಗಿ ಸುತ್ತಿ ಕೊಳವೆ ಮಾಡಿ ನಾಲ್ಕನ್ನು ಒಟ್ಟಿಗೆ ಕಟ್ಟಿದರೆ ಭಾರ ತಡೆಯುತ್ತದೆ. ಸಡಿಲ ಸುತ್ತು ಚಪ್ಪಟೆಯಾಗುತ್ತದೆ. ಬಿದ್ದ ಮೇಲೆ ಮಗು ಏನು ಮಾಡುತ್ತದೆ ಎಂಬುದನ್ನು ನೋಡಲೆಂದೇ ಈ ಆಟ.

ಹುಡುಗ ಪೆನ್ಸಿಲ್ ಕೇಳದೆ ಬರಿಗೈಯಲ್ಲಿ ಸುತ್ತಿದ. ಕೊಳವೆ ಬೇಕೆಂದು ತಾನೇ ಹೊಳೆಯಿಸಿಕೊಂಡ, ಅದು ಸಣ್ಣ ಮಾತಲ್ಲ. ಆದರೆ ಬೆರಳಿಗೆ ಬಿಗಿ ಸಾಲದು, ಸುತ್ತು ಬಿಚ್ಚಿಕೊಳ್ಳುತ್ತಿತ್ತು. ಟೇಪ್ ಬೆರಳಿಗೇ ಅಂಟಿತು. ಗೋಡೆ ಪಕ್ಕದಿಂದ ತಾಯಿಯ ಕೈ ಎರಡು ಸಲ ಮುಂದೆ ಬಂದು ಹಿಂದೆ ಹೋಯಿತು. ಮೂರನೆಯ ಸಲ ತಡೆಯಲಾಗಲಿಲ್ಲ, “ಪುಟ್ಟಾ, ಬಿಗಿಯಾಗಿ ಸುತ್ತು” ಅಂದರು. ಚೊಂಬು ಇಟ್ಟ, ಬಿತ್ತು.

ಬಿದ್ದ ಸೇತುವೆಯ ಕಡೆ ಅವನು ನೋಡಲೇ ಇಲ್ಲ. ನೋಡಿದ್ದು ತಾಯಿಯ ಮುಖ. ಆಮೇಲೆ ನನ್ನ ಕಡೆ ತಿರುಗಿ, ದೂರು ಹೇಳುವ ದನಿಯೂ ಅಲ್ಲ, ಸಮಾಚಾರ ತಿಳಿಸುವ ಹಾಗೆ ಅಂದ: “ಅಮ್ಮನ ಪ್ರಾಜೆಕ್ಟ್ ಹಾಳಾಯ್ತು.”

ತಾಯಿ ತಕ್ಷಣ, “ಇದು ಅಮ್ಮಂದಲ್ಲ ಕಣೋ, ಮೇಡಂ ನಿಂಗೆ ಕೊಟ್ಟಿದ್ದು” ಅಂದರು. ಅವನು ತಲೆಯಾಡಿಸಿದ. “ಪ್ರಾಜೆಕ್ಟ್ ಎಲ್ಲ ಅಮ್ಮಂದೇ. ನಾನು ಹೆಲ್ಪ್ ಮಾಡೋದು.”

ಒಂದು ವರ್ಷದ ಹೋಮ್‌ಸ್ಕೂಲಿಂಗ್ ಅವನ ಲೆಕ್ಕದಲ್ಲಿ ಹೀಗಿತ್ತು. ತಾಯಿ ಅತ್ತರು. ಹುಡುಗನನ್ನು ಜೊತೆಗೆ ಬಂದಿದ್ದ ಅಜ್ಜಿಯೊಂದಿಗೆ ಹೊರಗೆ ಕಳಿಸಿ ಉಳಿದ ಹೊತ್ತು ಅವರೊಂದಿಗೇ ಮಾತಾಡಬೇಕಾಯಿತು.

ತಾಯಿಯ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಒಂದು ತಿಳಿವಳಿಕೆಯಲ್ಲಿ: ಇಂಥ ಮಕ್ಕಳ ಎಲ್ಲ ಅಂಗವೂ ಒಂದೇ ವಯಸ್ಸಿನಲ್ಲಿ ಇರುವುದಿಲ್ಲ. ಈ ಹುಡುಗನ ಓದು ಹನ್ನೊಂದರ ಮಗುವಿನದು, ಬೆರಳು ಆರರದು, ಸಿಟ್ಟು ನಾಲ್ಕರದು. ತಲೆಯಲ್ಲಿ ರಥ ಪೂರ್ತಿ ಕಾಣುತ್ತದೆ, ಕೈಯಲ್ಲಿ ಬರುವುದು ಸೊಟ್ಟ ಚಕ್ರ. ಆ ಅಂತರ ನೋಡಿ ತಡೆಯಲಾಗದೆ ಹರಿಯುತ್ತಾನೆ. ದೊಡ್ಡವರು ಆ ಅಂತರವನ್ನು ತಮ್ಮ ಕೈಯಿಂದ ತುಂಬಿದರೆ ಮಗುವಿಗೆ ಸಿಗುವ ಪಾಠ ಒಂದೇ: ನನ್ನ ಕೈಯಿಂದಾಗಿದ್ದು ಸಾಲದು.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಅವರಿಗೆ ರುಚಿಸಲಿಲ್ಲ. ಆರು ವಾರ ಫೋಟೋ ಇಲ್ಲ, ಸ್ಟೇಟಸ್ ಇಲ್ಲ, ನೆಂಟರ ಗುಂಪಿಗೆ ಕಳಿಸುವುದಿಲ್ಲ. “ಪ್ರೋತ್ಸಾಹ ಬೇಡವಾ ಮೇಡಂ?” ಎಂದು ತಂದೆ ಕೇಳಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆದು 1973ರಲ್ಲಿ ಪ್ರಕಟವಾದ, ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರ ಪ್ರಯೋಗವನ್ನು ಅವರಿಗೆ ಹೇಳಿದೆ. ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಮಕ್ಕಳನ್ನೇ ಆರಿಸಿದ್ದರು. ಕೆಲವರಿಗೆ “ಬಿಡಿಸಿದರೆ ಪ್ರಶಸ್ತಿಪತ್ರ” ಎಂದು ಮೊದಲೇ ಹೇಳಿದರು, ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು, ಕೆಲವರಿಗೆ ಏನೂ ಕೊಡಲಿಲ್ಲ. ಒಂದೆರಡು ವಾರದ ನಂತರ ಆಟದ ಹೊತ್ತಿನಲ್ಲಿ ನೋಡಿದರೆ, ಮೊದಲೇ ಆಸೆ ತೋರಿಸಿದ ಮಕ್ಕಳು ಉಳಿದವರು ಬಿಡಿಸಿದ್ದರ ಅರ್ಧದಷ್ಟು ಹೊತ್ತು ಮಾತ್ರ ಬಿಡಿಸುತ್ತಿದ್ದರು. ಕೇಳದೆ ಸಿಕ್ಕ ಮೆಚ್ಚುಗೆಯಿಂದ ಆ ಹಾನಿ ಆಗಿರಲಿಲ್ಲ. ಪ್ರತಿ ಪ್ರಾಜೆಕ್ಟಿನ ಕೊನೆಗೆ ಫೋಟೋ ಕಾದಿದೆ ಎಂದು ಮಗುವಿಗೆ ಗೊತ್ತಿದ್ದರೆ ಫೋಟೋ ಕೂಡ ಪ್ರಶಸ್ತಿಪತ್ರವೇ.

“ಜಾಣ” ಎಂಬ ಮಾತನ್ನೂ ನಿಲ್ಲಿಸಲು ಹೇಳಿದೆ. ಮನಶ್ಶಾಸ್ತ್ರಜ್ಞರಾದ ಮ್ಯೂಲರ್ ಮತ್ತು ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ತೋರಿಸಿದ್ದು ಇದನ್ನೇ: ಬುದ್ಧಿಯನ್ನು ಹೊಗಳಿಸಿಕೊಂಡವರಲ್ಲಿ ಹೆಚ್ಚಿನವರು ಮುಂದೆ ತಮಗೆ ಸುಲಭವಾದ ಸಮಸ್ಯೆಗಳನ್ನೇ ಆರಿಸಿಕೊಂಡರು. ಬದಲಿಗೆ ಕಂಡದ್ದನ್ನು ಹೇಳಿ: “ಎರಡನೇ ಸಲ ಪೆನ್ಸಿಲ್ ಇಟ್ಟು ಸುತ್ತಿದೆ.” ಅಷ್ಟೇ ಸಾಕು, ಭಾಷಣ ಬೇಡ.

ಕೈಯ ವಿಷಯಕ್ಕೆ ಒಂದು ಕಟ್ಟುನಿಟ್ಟು. ತಾಯಿ ಮಾಡಬಹುದಾದದ್ದು ಮೂರು: ಚಾಕುವಿನ ಕೆಲಸ, ಬಿಸಿಯ ಕೆಲಸ, ಎತ್ತರದ ಕೆಲಸ. ಉಳಿದದ್ದಕ್ಕೆ ಅವನು ಕೇಳಿದರೆ ತೋರಿಸಬಹುದು, ಆದರೆ ಬೇರೆ ಹಾಳೆಯ ಮೇಲೆ. ಅವನ ಹಾಳೆಯನ್ನು ಮುಟ್ಟುವ ಹಾಗಿಲ್ಲ. ತೋರಿಸಿದ ತುಂಡನ್ನು ಆಮೇಲೆ ಎತ್ತಿಡಬೇಕು, ಇಲ್ಲವಾದರೆ ಅದನ್ನೇ ಅಂಟಿಸಿಬಿಡುತ್ತಾನೆ.

ಬರವಣಿಗೆಯನ್ನು ಯೋಚನೆಯಿಂದ ಬಿಡಿಸಬೇಕು. ಅವನು ಹೇಳಲಿ, ತಾಯಿ ಅಂದದ್ದನ್ನು ಅಂದ ಹಾಗೇ ಬರೆದುಕೊಳ್ಳಲಿ, ವ್ಯಾಕರಣ ತಿದ್ದಬಾರದು. ಅವನ ಕೈ ಬರೆಯಬೇಕಾದದ್ದು ತಾರೀಖು ಮತ್ತು ಅಂಕಿ ಮಾತ್ರ, ದೊಡ್ಡ ಚೌಕದ ಲೆಕ್ಕದ ಪುಸ್ತಕದಲ್ಲಿ. ಬೆರಳಿನ ಬಲಕ್ಕೆ ದಿನಕ್ಕೆ ಹತ್ತು ನಿಮಿಷ ಬೇರೆ ಕೆಲಸ: ಶೇಂಗಾ ಸುಲಿಯುವುದು, ಚಪಾತಿ ಹಿಟ್ಟು ನಾದುವುದು, ಕರವಸ್ತ್ರ ಹಿಂಡುವುದು. ಮೂರು ತಿಂಗಳಾದರೂ ಪೆನ್ಸಿಲ್ ಹಿಡಿತ ಸುಧಾರಿಸದಿದ್ದರೆ, ಅಥವಾ ಗುಂಡಿ ಹಾಕಲು, ಚಮಚ ಹಿಡಿಯಲೂ ಕಷ್ಟವಿದ್ದರೆ ಆಕ್ಯುಪೇಷನಲ್ ಥೆರಪಿಸ್ಟರಿಗೆ, ಅಂದರೆ ದಿನನಿತ್ಯದ ಕೈಕೆಲಸಗಳನ್ನು ರೂಢಿ ಮಾಡಿಸುವ ಚಿಕಿತ್ಸಕರಿಗೆ, ತೋರಿಸಬೇಕು. ಚೆನ್ನಾಗಿ ಓದುವ ಮಗುವಿನಲ್ಲಿ ಬರವಣಿಗೆಯ ನ್ಯೂನತೆ ಸುಲಭವಾಗಿ ಮುಚ್ಚಿಹೋಗುತ್ತದೆ. ಮನೆಯವರು ಸೋಮಾರಿತನ ಎನ್ನುತ್ತಾರೆ.

ಸೋಲುವ ಅಭ್ಯಾಸವನ್ನು ಅಜ್ಜಿಗೆ ವಹಿಸಿದೆ. ದಿನಾ ಸಂಜೆ ಒಂದು ಆಟ ಚೌಕಾಬಾರ ಅಥವಾ ಅಳಗುಳಿಮನೆ. ಅಜ್ಜಿ ಬೇಕೆಂದೇ ಸೋಲಬಾರದು. ಆ ಅಜ್ಜಿಗೆ ಇದನ್ನು ಹೇಳಬೇಕಾಗಿಯೇ ಇರಲಿಲ್ಲ.

ಇನ್ನು ಪ್ರಾಜೆಕ್ಟ್. ವಾರಕ್ಕೊಂದು ಎಂಬುದನ್ನು ಕೈಬಿಟ್ಟು ಒಂದೇ ವಿಷಯವನ್ನು ತಿಂಗಳುಗಟ್ಟಲೆ ಹಿಡಿಯಲು ಹೇಳಿದೆ. ವಿಷಯ ಅವನದೇ ಆಗಿರಬೇಕು. ಅವನನ್ನೇ ಕೇಳಿದಾಗ ಬಂದ ಪ್ರಶ್ನೆ: “ಅಜ್ಜಿ ಆರಿದ್ರಾ ಮಳೆ ಅಂತಾರಲ್ಲ, ಅದು ಮುಗೀತು ಅಂತ ಮಳೆಗೆ ಹೆಂಗೆ ಗೊತ್ತಾಗುತ್ತೆ?” ಇದಕ್ಕಿಂತ ಒಳ್ಳೆಯ ಪಠ್ಯಕ್ರಮ ಯಾವ ಕಿಟ್ಟಿನಲ್ಲೂ ಬರುವುದಿಲ್ಲ. ಮಳೆಯ ಹೆಸರೆಂದರೆ ಆ ಹೊತ್ತಿಗೆ ಸೂರ್ಯನಿರುವ ನಕ್ಷತ್ರದ ಹೆಸರು. ಸೂರ್ಯ 27 ನಕ್ಷತ್ರ ದಾಟಲು 365 ದಿನ. ಒಂದಕ್ಕೆ ಹದಿಮೂರುವರೆ ದಿನದಷ್ಟು. ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರಾ 22ರ ಹೊತ್ತಿಗೆ ಶುರು. ಯಾವ ನಕ್ಷತ್ರದಲ್ಲಿ ಎಷ್ಟು ಮಳೆ ಎಂದು ಅಳೆಯುವುದೇ ಕೆಲಸ. ಓದು, ಭಾಗಾಕಾರ, ಪಂಚಾಂಗ, ಅಜ್ಜಿಯ ಗಾದೆ ಎಲ್ಲವೂ ಒಳಗೇ ಬಂತು.

ಮಳೆಮಾಪಕಕ್ಕೆ ಎರಡು ಲೀಟರಿನ ಸೋಡಾ ಬಾಟಲಿ ಸಾಕು, ಗೋಡೆ ನೇರವಾಗಿರಬೇಕು. ಸೊಂಟ ಸಣ್ಣಗಿರುವುದು, ಏಣು ಇರುವುದು ಆಗದು. ಭುಜ ಬಾಗಲು ಶುರುವಾಗುವಲ್ಲಿ ತಾಯಿ ಕತ್ತರಿಸಿ, ಮುಚ್ಚಳ ತೆಗೆದ ಮೇಲ್ಭಾಗವನ್ನು ಆಲಿಕೆಯಂತೆ ಮಗುಚಿಡಬೇಕು. ತಳದ ಉಬ್ಬುತಗ್ಗಿನಲ್ಲೇ ಎಲ್ಲರೂ ಎಡವುವುದು: ಅಲ್ಲಿಂದ ಸ್ಕೇಲ್ ಹಚ್ಚಿದರೆ ಸಣ್ಣ ಮಳೆಯ ಲೆಕ್ಕ ಪೂರ್ತಿ ತಪ್ಪು. ಆದ್ದರಿಂದ ಉಬ್ಬು ಮುಚ್ಚುವಷ್ಟು ಸಣ್ಣ ಕಲ್ಲು, ಮೇಲೆ ನೇರ ಗೋಡೆ ಶುರುವಾಗುವವರೆಗೆ ನೀರು. ಅಲ್ಲಿ ಸೊನ್ನೆಯ ಗೆರೆ, ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ. ದಿನಾ ಓದಿದ ಮೇಲೆ ಸೊನ್ನೆಯವರೆಗೆ ಚೆಲ್ಲಬೇಕು, ಬಿಸಿಲಿಗೆ ಇಳಿದಿದ್ದರೆ ತುಂಬಬೇಕು. ಮನೆಯ ಗೋಡೆಯಿಂದ ಅದರ ಎತ್ತರದ ಎರಡು ಪಟ್ಟು ದೂರದಲ್ಲಿ, ಮರಳಿನ ಬಕೆಟ್ಟಿನಲ್ಲಿ ಹೂತಿಡಬೇಕು. ಬಾಟಲಿಯ ಬಾಯಿ ಬಕೆಟ್ಟಿನ ಅಂಚಿಗಿಂತ ಮೇಲಿರಲಿ. ಸೂರಿನ ಕೆಳಗೆ ಇಟ್ಟರೆ ಹೆಂಚಿನ ನೀರನ್ನು ಅಳೆದಂತೆ. ಓದುವುದು ಬೆಳಗ್ಗೆ 8.30ಕ್ಕೆ, ಹವಾಮಾನ ಇಲಾಖೆ ಓದುವ ಹೊತ್ತು ಅದೇ. ಜೋರು ಮಳೆಯಲ್ಲಿ ಆಲಿಕೆಯ ಮೂತಿ ಮುಳುಗಿದರೆ ಅಂಕಿ ಕೆಡುತ್ತದೆ. ಅಂಥ ದಿನ ರಾತ್ರಿಯೂ ಒಮ್ಮೆ ಓದಿ ಚೆಲ್ಲಿ ಬೆಳಗಿನದಕ್ಕೆ ಕೂಡಬೇಕು. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ಎಂದು ಹೇಳಿಕೊಟ್ಟರೆ ಇಂಥ ಹುಡುಗ ಮನೆಯ ಮಾಡಿಗೆ ಬಿದ್ದ ನೀರನ್ನು ತಾನೇ ಲೆಕ್ಕ ಹಾಕುತ್ತಾನೆ.

ಬುದ್ಧಿಮಟ್ಟದ ಪರೀಕ್ಷೆಯನ್ನು ಸದ್ಯಕ್ಕೆ ಬೇಡ ಅಂದೆ. ತಂದೆಗೆ ಇದು ಸರಿ ಕಾಣಲಿಲ್ಲ, ಇತರ ಕೆಲವು ಆಪ್ತಸಮಾಲೋಚಕರೂ ಒಪ್ಪಲಿಕ್ಕಿಲ್ಲ. ಪರೀಕ್ಷೆಯ ಮೇಲೆ ನನಗೆ ಹಗೆಯಿಲ್ಲ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದೇ ಒಗ್ಗಿಸಿದ ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಆದರೆ ಹಳೆಯ ಮಾನದಂಡದ ಎದುರು ಇಂದಿನ ಮಗುವಿನ ಅಂಕ ಉಬ್ಬಿ ಕಾಣುವ ಸಂಭವವಿದೆ. ಚಿಕ್ಕ ವಯಸ್ಸಿನ ಅಂಕ ಮುಂದೆ ಏರುಪೇರಾಗುತ್ತದೆ. ಬಿದ್ದ ಕೂಡಲೇ ತಾಯಿಯ ಮುಖ ನೋಡುವ ಮಗು ಪರೀಕ್ಷಕರ ಮುಂದೆ ಕಷ್ಟದ ಪ್ರಶ್ನೆ ಬಂದಾಗ “ಬರಲ್ಲ” ಎಂದು ನಿಲ್ಲಿಸಿಬಿಡುತ್ತದೆ. 130 ಬಂದರೆ ಮನೆಯ ನಿರೀಕ್ಷೆ ಏರುತ್ತದೆ, 112 ಬಂದರೆ ತಾಯಿ ಕೆಲಸ ಬಿಟ್ಟದ್ದು ದಂಡ ಎನಿಸುತ್ತದೆ. ಎರಡರಲ್ಲೂ ನಾಳೆ ಬೆಳಗ್ಗೆ ಏನು ಮಾಡಬೇಕೆಂಬುದು ಬದಲಾಗುವುದಿಲ್ಲ. ಬದಲಾಗುವ ಸಂದರ್ಭವಿದ್ದರೆ, ಕಲಿಕಾ ನ್ಯೂನತೆಯ ಅನುಮಾನ ಅಥವಾ ತರಗತಿ ದಾಟಿಸುವ ನಿರ್ಧಾರ ಇದ್ದರೆ, ಖಂಡಿತ ಮಾಡಿಸಿ.

ಕಾನೂನಿನ ಭಯ ಅಜ್ಜಿಯದು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, 6ರಿಂದ 14ರವರೆಗಿನ ಮಕ್ಕಳಿಗೆ. ಮಗುವನ್ನು ಸೇರಿಸುವುದು ಪೋಷಕರ ಕರ್ತವ್ಯ ಎಂದು ಸೆಕ್ಷನ್ 10 ಹೇಳುತ್ತದೆ, ತಪ್ಪಿದರೆ ದಂಡವೆಂದು ಹೇಳಿಲ್ಲ. ಹೋಮ್‌ಸ್ಕೂಲಿಂಗ್ ಬಗ್ಗೆ ಕಾಯ್ದೆ ಮೌನ. ಹೊರಗುಳಿದ ಮಗು ಬಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದು ಸೆಕ್ಷನ್ 4 ಇದೆ. ಮುಂದೆ ಪ್ರಮಾಣಪತ್ರ ಬೇಕಾದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ 3, 5, 8ನೇ ತರಗತಿಗೆ ಸಮನಾದ ಹಂತಗಳಿವೆ, 14 ತುಂಬಿದ ಮೇಲೆ ಹತ್ತನೆಯದಕ್ಕೆ ಸಮನಾದದ್ದೂ ಇದೆ. ಹಳೆಯ ಶಾಲೆಯ ವರ್ಗಾವಣೆ ಪತ್ರ ಇಟ್ಟುಕೊಳ್ಳಿ ಎಂದೆ.

ಪುಷ್ಯ ಮಳೆಯ ಹೊತ್ತಿಗೆ ಮತ್ತೆ ಬಂದಾಗ ಹುಡುಗ ಲೆಕ್ಕದ ಪುಸ್ತಕ ತಂದಿದ್ದ. ಅಂಕಿಗಳು ಚೌಕದ ಹೊರಗೆ ಚಾಚಿದ್ದವು, ಯಾರೂ ತಿದ್ದಿರಲಿಲ್ಲ. ಒಂದು ದಿನದ ಮುಂದೆ ಅಡ್ಡಗೆರೆ ಇತ್ತು. ನಾಯಿ ಬಕೆಟ್ ಉರುಳಿಸಿತ್ತಂತೆ. ಸೊನ್ನೆ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. “ಮಳೆ ಬಂದಿತ್ತು. ಸೊನ್ನೆ ಬರೆದ್ರೆ ಸುಳ್ಳಾಗುತ್ತೆ. ಎಷ್ಟು ಅಂತ ಗೊತ್ತಿಲ್ಲ, ಅಷ್ಟೇ.” ಪುಟ ಹರಿದಿರಲಿಲ್ಲ. ಸಿಟ್ಟು ಹೋಗಿದೆ ಎಂದಲ್ಲ, ಚೌಕಾಬಾರದ ಕವಡೆ ಎರಡು ಸಲ ಹಿತ್ತಲಿಗೆ ಹಾರಿವೆ.

ತಂದೆಯ ಕೊನೆಯ ಪ್ರಶ್ನೆ ಮುಂದಿನ ಜೂನ್ ಬಗ್ಗೆ: ಶಾಲೆಗೆ ಸೇರಿಸಬೇಕಾ, ಮನೆಯಲ್ಲೇ ಇರಲಾ? ಹೋಮ್‌ಸ್ಕೂಲಿಂಗ್ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಮೂರು ವಿಷಯ ಮಾರ್ಚ್‌ನಲ್ಲಿ ನೋಡಿ ಎಂದೆ. ವಾರಕ್ಕೆ ಮೂರು ಸಂಜೆಯಾದರೂ ಬೇರೆ ಬೇರೆ ವಯಸ್ಸಿನ ಮಕ್ಕಳ ಜೊತೆ, ದೊಡ್ಡವರ ಉಸ್ತುವಾರಿಯಿಲ್ಲದೆ ಆಡುತ್ತಿದ್ದಾನೆಯೇ? ತಾಯಿಗೆ ದಿನಕ್ಕೆ ಎರಡು ಗಂಟೆಯಾದರೂ ಅವನಿಲ್ಲದ ಹೊತ್ತು ಇದೆಯೇ? ಅಮ್ಮ ಶುರು ಮಾಡಿಸದ ಕೆಲಸವೊಂದಾದರೂ ಅವನ ಕೈಯಲ್ಲಿ ನಡೆಯುತ್ತಿದೆಯೇ? ಮೂರರಲ್ಲಿ ಎರಡಕ್ಕೆ ‘ಇಲ್ಲ’ ಎಂದಾದರೆ ಶಾಲೆ ಹುಡುಕಿ, ಅರ್ಧ ದಿನಕ್ಕೆ ಒಪ್ಪುವ ಚಿಕ್ಕ ಶಾಲೆಯಾದರೂ ಸರಿ. ತಾಯಿ ತಕ್ಷಣ, ಎರಡನೆಯದಕ್ಕೆ ಈಗಲೇ ಉತ್ತರ ಗೊತ್ತು ಅಂದರು. ಆ ಎರಡು ಗಂಟೆಯನ್ನು ಯಾರು ಹೊರುತ್ತಾರೆ ಎಂಬ ಮಾತುಕತೆ ತಂದೆಯ ಜೊತೆ ಇನ್ನೂ ನಡೆದಿದೆ.