ಗುಲಗಂಜಿ ಉಗುರು, ಹುಲಿಪಟ್ಟೆ ಉಗುರು

ದಾವಣಗೆರೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಾನು ಪಾರ್ಲರ್ ಶುರು ಮಾಡಿ 19 ವರ್ಷವಾಯಿತು. ಮುಖ, ಕೂದಲು ಎಲ್ಲ ಮಾಡುತ್ತೇನೆ. ಆದರೆ ಮನಸ್ಸಿಗೆ ಖುಷಿ ಕೊಡುವುದು ಉಗುರಿನ ಕೆಲಸ. ಮುಖದ ಮೇಕಪ್ ಕೆಟ್ಟರೆ ಮದುಮಗಳು ಅಳುತ್ತಾಳೆ. ಉಗುರಿನ ಬಣ್ಣ ಕೆಟ್ಟರೆ ಒಂದು ತುಂಡು ಹತ್ತಿ ಸಾಕು. ಮನೆಯಲ್ಲೇ ಉಗುರಿಗೆ ಚಿತ್ರ ಬಿಡಿಸುವುದು ಹೇಗೆ ಅಂತ ಕೇಳಿದ ಪತ್ರಗಳು ಜಾಸ್ತಿ ಸೇರಿಕೊಂಡಿವೆ. ಈ ಸಲ ಪೂರ್ತಿ ಅವಕ್ಕೇ ಉತ್ತರ.

ಅಕ್ಕಾ, ನಾನು ಪಿಜಿಯಲ್ಲಿದ್ದು ಓದುತ್ತಿದ್ದೇನೆ. ನೇಲ್ ಆರ್ಟ್ ವಿಡಿಯೊ ನೋಡಿದರೆ ಆಸೆಯಾಗುತ್ತದೆ. ಅವರು ತೋರಿಸುವ ಬ್ರಶ್, ಸ್ಟಾಂಪ್ ಎಲ್ಲ ಕೊಳ್ಳಲು ದುಡ್ಡಿಲ್ಲ. ಎಡಗೈ ಹೇಗೋ ಆಗುತ್ತದೆ. ಬಲಗೈ ಮಾತ್ರ ಮಕ್ಕಳು ಗೀಚಿದ ಗೋಡೆಯ ಹಾಗೆ ಕಾಣುತ್ತದೆ.
— ಕಾಲೇಜು ವಿದ್ಯಾರ್ಥಿನಿ, ಬೆಂಗಳೂರು

ಏನೂ ಕೊಳ್ಳಬೇಡ ತಂಗಿ. ತಲೆಗೆ ಸಿಕ್ಕಿಸಿಕೊಳ್ಳುವ ಕಪ್ಪು ಹೇರ್ ಪಿನ್ ತೆಗೆದು ನೋಡು. ತುದಿಯಲ್ಲಿ ಪುಟ್ಟ ಗುಂಡು ಇದೆ, ಅಲ್ವಾ? ಚುಕ್ಕಿ ಇಡಲು ಅದಕ್ಕಿಂತ ಒಳ್ಳೆಯ ಸಾಮಾನು ನನ್ನ ಪಾರ್ಲರಿನಲ್ಲೂ ಇಲ್ಲ. ಸಣ್ಣ ಚುಕ್ಕಿಗೆ ಟೂತ್‌ಪಿಕ್, ಇನ್ನೂ ಸಣ್ಣದಕ್ಕೆ ಇಂಕ್ ಮುಗಿದ ಬಾಲ್ ಪೆನ್. ಹಳೆಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಒಂದು ತೊಟ್ಟು ಬಣ್ಣ ಬಿಟ್ಟುಕೊಂಡು ಅದರಲ್ಲಿ ಪಿನ್ ಅದ್ದು. ಬಾಟಲಿಯೊಳಗೇ ಅದ್ದಿದರೆ ಬಣ್ಣ ಜಾಸ್ತಿ ಮೆತ್ತಿಕೊಂಡು ಚುಕ್ಕಿಯ ಬದಲು ಗುಡ್ಡ ಬೀಳುತ್ತದೆ.

ಮೊದಲ ಸಲಕ್ಕೆ ಗುಲಗಂಜಿ ಮಾಡು. ನನ್ನ ಹತ್ತಿರ ಕಲಿಯಲು ಬರುವ ಎಲ್ಲ ಹುಡುಗಿಯರಿಗೂ ನಾನು ಮೊದಲು ಮಾಡಿಸುವುದು ಇದನ್ನೇ. ಉಗುರಿಗೆಲ್ಲ ಕೆಂಪು ಹಚ್ಚು, ತೆಳ್ಳಗೆ ಎರಡು ಸಲ. ಪೂರ್ತಿ ಒಣಗಿದ ಮೇಲೆ ಬುಡದಲ್ಲಿ ಅರ್ಧಚಂದ್ರದ ಹಾಗೆ ಕಪ್ಪು. ಮುಗಿಯಿತು. ಹಿಂದೆ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ನಿನ್ನ ಬೆರಳ ತುದಿಯಲ್ಲಿ ಕೂತಿರುತ್ತದೆ. (ನಿಜವಾದ ಗುಲಗಂಜಿ ವಿಷ. ಮಕ್ಕಳ ಕೈಗೆ ಕೊಡಬೇಡಿ.) ಗಡಿ ನೇರ ಬರದಿದ್ದರೆ ಸ್ಟಿಕ್ಕರ್ ಬೊಟ್ಟಿನ ಸಹಾಯ ತೆಗೆದುಕೊಳ್ಳಬಹುದು. ಆಗ ಕೆಲಸ ಉಲ್ಟಾ. ಮೊದಲು ಕಪ್ಪು ಹಚ್ಚಿ ಚೆನ್ನಾಗಿ ಒಣಗಿಸು. ದೊಡ್ಡ ದುಂಡು ಬೊಟ್ಟನ್ನು ಬುಡಕ್ಕೆ ಅಂಟಿಸಿ, ಉಳಿದ ಜಾಗಕ್ಕೆ ಕೆಂಪು ಹಚ್ಚು. ಕೆಂಪು ಇನ್ನೂ ಸ್ವಲ್ಪ ಹಸಿ ಇರುವಾಗಲೇ ಬೊಟ್ಟು ಎತ್ತಬೇಕು. ಒಣಗಲು ಬಿಟ್ಟರೆ ಬಣ್ಣವೂ ಅದರ ಜೊತೆ ಎದ್ದು ಬರುತ್ತದೆ.

ಗುಲಗಂಜಿ ಕೈಗೆ ಹತ್ತಿದ ಮೇಲೆ ಹುಲಿವೇಷ. ಮಂಗಳೂರು, ಉಡುಪಿ ಕಡೆ ದಸರಾ, ಅಷ್ಟಮಿಗೆ ಮೈಗೆ ಬಳಿದುಕೊಳ್ಳುತ್ತಾರಲ್ಲ, ಅದೇ ಹಳದಿ, ಅದೇ ಕಪ್ಪು ಪಟ್ಟೆ. ಪಟ್ಟೆ ಉಗುರಿನ ಎರಡೂ ಬದಿಯಿಂದ ಒಳಗೆ ಬರಬೇಕು, ನಡುವೆ ಒಂದಕ್ಕೊಂದು ಮುಟ್ಟಬಾರದು. ಮುಟ್ಟಿತೋ, ಹುಲಿ ಹೋಗಿ ಆಟೋರಿಕ್ಷಾ ಆಗುತ್ತದೆ. ಪಟ್ಟೆ ಸೊಟ್ಟಗಿದ್ದಷ್ಟೂ ಚೆನ್ನ. ಮಲ್ಲಿಗೆ ಇನ್ನೂ ಸುಲಭ. ಸುತ್ತ ಐದು ಬಿಳಿ ಚುಕ್ಕಿ, ನಡುವೆ ಒಂದು ಹಳದಿ.

ಹತ್ತೂ ಬೆರಳಿಗೆ ಚಿತ್ರ ಬೇಡ. ಉಂಗುರದ ಬೆರಳಿಗೆ ಮಾತ್ರ ಹುಲಿ, ಉಳಿದವಕ್ಕೆ ಬರೀ ಹಳದಿ. ಹಾಗಿದ್ದರೇ ಜನ "ಎಲ್ಲಿ, ತೋರಿಸು" ಅಂತ ಕೈ ಹಿಡಿದು ನೋಡುತ್ತಾರೆ.

ಇನ್ನು ಬಲಗೈ ವಿಷಯ. ಬ್ರಶ್ ಹಿಡಿದ ಎಡಗೈ ಅಲುಗಾಡಬಾರದು, ಬಲಗೈ ಬೆರಳು ತಿರುಗುತ್ತಾ ಬರಬೇಕು. ಎರಡೂ ಮೊಣಕೈ ಮೇಜಿನ ಮೇಲಿರಲಿ. ಎಡಗೈ ಕಿರುಬೆರಳನ್ನು ಬಲಗೈಗೆ ಆನಿಸಿಕೊ. ಬಲಗೈಯನ್ನೇ ಮೊದಲು ಮಾಡು, ತಾಳ್ಮೆ ಇನ್ನೂ ಉಳಿದಿರುತ್ತದೆ. ಹೊರಗೆ ಹೋದ ಬಣ್ಣವನ್ನು ಕೂಡಲೇ ರಿಮೂವರ್ ಅದ್ದಿದ ಕಡ್ಡಿಯಿಂದ ಒರೆಸು. ಪಾರ್ಲರಿನ ಉಗುರು ನೀಟಾಗಿ ಕಾಣುವುದು ನಮ್ಮ ಕೈ ನಡುಗುವುದಿಲ್ಲ ಅಂತಲ್ಲ, ನಾವು ಒರೆಸುತ್ತೇವೆ ಅಂತ.

ಇನ್ನೊಂದು ಮಾತು. ಪಿಜಿ ರೂಮಿನಲ್ಲಿ ಸೊಳ್ಳೆ ಬತ್ತಿ ಹಚ್ಚಿಟ್ಟು ಈ ಕೆಲಸಕ್ಕೆ ಕೂರಬೇಡ. ನೇಲ್ ಪಾಲಿಶ್, ರಿಮೂವರ್ ಎರಡೂ ಬೇಗ ಬೆಂಕಿ ಹಿಡಿಯುತ್ತವೆ. ಕಿಟಕಿ ತೆರೆದಿರಲಿ.

ನಾನು ಗೃಹಿಣಿ. ಎಷ್ಟು ಚೆನ್ನಾಗಿ ಹಚ್ಚಿಕೊಂಡರೂ ಎರಡನೇ ದಿನಕ್ಕೆ ತುದಿ ಕಿತ್ತು ಬರುತ್ತದೆ. ಜೊತೆಗೆ ಗುಳ್ಳೆ ಬೇರೆ. ಒಳ್ಳೆಯ ಕಂಪನಿಯದ್ದನ್ನೇ ತಂದರೂ ಹೀಗೇ.
— ಓದುಗರು, ಹಾವೇರಿ

ಕಂಪನಿಯ ತಪ್ಪು ಕಡಿಮೆ, ನೀರಿನ ತಪ್ಪು ಜಾಸ್ತಿ. ಉಗುರು ನೀರು ಕುಡಿಯುತ್ತದೆ. ಪಾತ್ರೆ ತೊಳೆದರೆ, ಬಟ್ಟೆ ಒಗೆದರೆ ಸ್ವಲ್ಪ ಉಬ್ಬುತ್ತದೆ, ಆಮೇಲೆ ಒಣಗಿ ಮೊದಲಿನಂತಾಗುತ್ತದೆ. ಮೇಲಿನ ಬಣ್ಣ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ಅದಕ್ಕೇ ಬಿರುಕು ಬಿಟ್ಟು ಏಳುತ್ತದೆ. ಪಾರ್ಲರಿನಲ್ಲಿ ಕೈ ನೆನೆಸಿ ಕೂಡಲೇ ಬಣ್ಣ ಹಚ್ಚಿದರೂ ಇದೇ ಕಥೆ. ಸ್ನಾನ, ಪಾತ್ರೆ ಎಲ್ಲ ಮುಗಿಸಿ ಒಂದೆರಡು ಗಂಟೆ ಬಿಟ್ಟು ಕೂರಿ. ಹಚ್ಚುವ ಮೊದಲು ಪ್ರತಿ ಉಗುರನ್ನೂ ರಿಮೂವರಿನಿಂದ ಒಮ್ಮೆ ಒರೆಸಿ, ಹಳೆಯ ಬಣ್ಣ ಇಲ್ಲದಿದ್ದರೂ ಸರಿ. ಒಗ್ಗರಣೆಯ ಎಣ್ಣೆ ಕಣ್ಣಿಗೆ ಕಾಣದಿದ್ದರೂ ಉಗುರಿನ ಮೇಲೆ ಇರುತ್ತದೆ.

ಮೊದಲು ಬೇಸ್ ಕೋಟ್ ಹಚ್ಚಿ. ಅದಿಲ್ಲದೆ ಗಾಢ ಕೆಂಪು ಹಚ್ಚಿದರೆ ಉಗುರು ಹಳದಿಯಾಗುತ್ತದೆ. ಆಮೇಲೆ ಬಣ್ಣ ತೆಳ್ಳಗೆ ಎರಡು ಸಲ, ಕೊನೆಗೆ ಟಾಪ್ ಕೋಟ್. ಪ್ರತಿ ಸಲವೂ ಉಗುರಿನ ಅಂಚಿನ ಮೇಲೆ, ಅಂದರೆ ಆ ದಪ್ಪದ ಮೇಲೂ, ಬ್ರಶ್ ಒಮ್ಮೆ ಎಳೆಯಿರಿ. ಈ ಒಂದು ಅಭ್ಯಾಸದಿಂದಲೇ ಎರಡು ಮೂರು ದಿನ ಜಾಸ್ತಿ ಬಾಳಿಕೆ ಬರುತ್ತದೆ.

ಗುಳ್ಳೆಗೆ ಕಾರಣ ದಪ್ಪ ಪದರ. ಬಣ್ಣ ಒಣಗುವುದು ಅಂದರೆ ಅದರೊಳಗಿನ ದ್ರವ ಆವಿಯಾಗಿ ಹೋಗುವುದು. ದಪ್ಪಗೆ ಹಚ್ಚಿದರೆ ಮೇಲೆ ಕೆನೆ ಕಟ್ಟುತ್ತದೆ, ಒಳಗಿನದು ಹೊರಬರಲು ದಾರಿ ಸಿಗುವುದಿಲ್ಲ. ಫ್ಯಾನ್ ಕೆಳಗೆ ಕೂತರೆ ಕೆನೆ ಇನ್ನೂ ಬೇಗ ಕಟ್ಟುತ್ತದೆ. ಬಾಟಲಿಯನ್ನು ಗಡಗಡ ಅಲ್ಲಾಡಿಸಬೇಡಿ, ಎರಡು ಅಂಗೈ ನಡುವೆ ಕಡಗೋಲಿನ ಹಾಗೆ ತಿರುಗಿಸಿ. ಬಣ್ಣ ಗಟ್ಟಿಯಾಗಿದ್ದರೆ ರಿಮೂವರ್ ಸುರಿಯಬೇಡಿ, ಬಣ್ಣವೇ ಕೆಡುತ್ತದೆ. ಅದಕ್ಕೆಂದೇ ಥಿನ್ನರ್ ಸಿಗುತ್ತದೆ, ಎರಡು ಹನಿ ಸಾಕು.

ಮುಟ್ಟಿದರೆ ಅಂಟದಿದ್ದರೆ ಒಣಗಿತು ಅಂತಲ್ಲ. ಒಳಗೆ ಗಟ್ಟಿಯಾಗಲು ಇನ್ನೂ ಗಂಟೆಗಟ್ಟಲೆ ಬೇಕು. ಆದ್ದರಿಂದ ರಾತ್ರಿ ಊಟದ ಪಾತ್ರೆ ಆ ದಿನ ಬೇರೆಯವರು ತೊಳೆಯಲಿ. ನಮ್ಮಮ್ಮ "ಉಗುರಿಗೆ ಬಣ್ಣ ಬಳ್ಕೊಂಡು ಕೂತ್ರೆ ರೊಟ್ಟಿ ಯಾರು ತಟ್ತಾರೆ" ಅನ್ನುತ್ತಿದ್ದರು. ಈಗ ನಮ್ಮನೆಯಲ್ಲಿ ಭಾನುವಾರ ರಾತ್ರಿ ರೊಟ್ಟಿ ನಮ್ಮ ಯಜಮಾನರದು. ಆಕಾರ ಕೇಳಬೇಡಿ.

ನೀರಿನ ಮೇಲೆ ಬಣ್ಣ ಬಿಟ್ಟು ಉಗುರು ಅದ್ದುವ ಮಾರ್ಬಲ್ ಡಿಸೈನ್ ನಾಲ್ಕು ಸಲ ಮಾಡಿದೆ. ಬಣ್ಣ ಹರಡದೆ ತಳಕ್ಕೆ ಹೋಗುತ್ತದೆ.
— ಪಿಯುಸಿ ವಿದ್ಯಾರ್ಥಿನಿ, ಪುತ್ತೂರು

ನೀರು ತಣ್ಣಗಿತ್ತು ಅನಿಸುತ್ತದೆ. ಫ್ರಿಜ್ ನೀರು, ಬೆಳಗಿನ ಬಾವಿ ನೀರು ಎರಡೂ ಬೇಡ. ಸ್ವಲ್ಪ ಹೊತ್ತು ಹೊರಗಿಟ್ಟ ನೀರು ಬೇಕು. ಬಣ್ಣ ಹೊಸದಿರಲಿ, ತೆಳ್ಳಗಿರಲಿ. ಬ್ರಶ್ ನೀರಿಗೆ ತಾಗುವಷ್ಟು ಹತ್ತಿರ ಹಿಡಿದು ಹನಿ ಬಿಡು. ಎತ್ತರದಿಂದ ಬಿಟ್ಟರೆ ಮುಳುಗುತ್ತದೆ. ಮೊದಲ ಹನಿ ಬಳೆಯ ಹಾಗೆ ಹರಡಿದ ಕೂಡಲೇ ಅದರ ನಡುವೆ ಎರಡನೆಯದು, ಅದರ ನಡುವೆ ಮೂರನೆಯದು. ಬೇಗ ಪಿನ್ನಿನಿಂದ ಗೆರೆ ಎಳೆದು, ಬಿಳಿ ಬಣ್ಣ ಹಚ್ಚಿ ಒಣಗಿಸಿದ ಉಗುರನ್ನು ಮಟ್ಟಸವಾಗಿ ಅದ್ದು. ಬೆರಳು ನೀರಿನೊಳಗೇ ಇರಲಿ. ಮೇಲೆ ಉಳಿದ ಪೊರೆಯನ್ನು ಕಡ್ಡಿಗೆ ಸುತ್ತಿ ತೆಗೆದ ಮೇಲೆ ಹೊರಗೆ ತಾ. ಬೆರಳಿನ ಚರ್ಮಕ್ಕೆ ಮೊದಲೇ ವ್ಯಾಸಲಿನ್ ಸವರಿಕೊ, ಉಗುರಿಗೆ ತಾಗಿಸಬೇಡ.

ನಿಜ ಹೇಳಲಾ? ನನಗೆ ಈ ಡಿಸೈನ್ ಅಷ್ಟಕ್ಕಷ್ಟೇ. ಹತ್ತು ಉಗುರಿಗೆ ಬೇಕಾಗುವುದಕ್ಕಿಂತ ಹತ್ತು ಪಟ್ಟು ಬಣ್ಣ ನೀರುಪಾಲು. ಅದರ ಬದಲು ಹೊಸ ಸ್ಪಂಜಿನ ಸಣ್ಣ ತುಂಡಿಗೆ ಹಳದಿ, ಕಿತ್ತಳೆ, ಕೆಂಪು ಪಟ್ಟಿ ಪಕ್ಕಪಕ್ಕ ಹಚ್ಚಿ ಉಗುರಿಗೆ ಒತ್ತು. ಪಣಂಬೂರು ಬೀಚಿನ ಸಂಜೆ ಬೆರಳಿಗೆ ಬರುತ್ತದೆ.

ನನ್ನ ಮಗಳಿಗೆ 6 ವರ್ಷ. ದಿನಾ ನೇಲ್ ಪಾಲಿಶ್ ಬೇಕು ಅಂತ ಹಟ. ಹಚ್ಚಬಹುದಾ?
— ಒಬ್ಬ ತಂದೆ, ತುಮಕೂರು

ದಿನಾ ಬೇಡ. ಕೈಯಲ್ಲೇ ಊಟ ಮಾಡುತ್ತಾಳೆ, ಬೆರಳು ಬಾಯಿಗೂ ಹೋಗುತ್ತದೆ. ಹಬ್ಬಕ್ಕೆ, ಹುಟ್ಟಿದ ದಿನಕ್ಕೆ ಕಾಲಿನ ಉಗುರಿಗೆ ಹಚ್ಚಿ. ಉಳಿದ ದಿನ ಅವಳು ಹಟ ಮಾಡಿದಾಗ ನಿಮ್ಮ ಕೈಯನ್ನೇ ಒಡ್ಡಿ. ಅವಳಿಗೆ ಬೇಕಿರುವುದು ಬಹುಶಃ ಬ್ರಶ್ ಹಿಡಿಯುವ ಮಜಾ. ಸೋಮವಾರ ಆಫೀಸಿಗೆ ಹೋಗುವ ಮೊದಲು ಒರೆಸಿಕೊಂಡರಾಯಿತು. ಒರೆಸದಿದ್ದರೂ ತಪ್ಪೇನಿಲ್ಲ ಬಿಡಿ.

ಮನೆಯಲ್ಲೇ ಜೆಲ್ ಪಾಲಿಶ್ ಮಾಡಿಕೊಳ್ಳುವ ಸೆಟ್, ದೀಪದ ಸಮೇತ, ಆನ್‌ಲೈನಲ್ಲಿ ಅಗ್ಗವಾಗಿ ಸಿಗುತ್ತಿದೆ. ತಗೊಳ್ಳಲಾ?
— ಓದುಗರು, ಹುಬ್ಬಳ್ಳಿ

ಇದಕ್ಕೆ ನನ್ನ ಬಲಗೈ ಹೆಬ್ಬೆರಳೇ ಉತ್ತರ ಹೇಳಬೇಕು. ಕೆಲವು ವರ್ಷದ ಹಿಂದೆ ನಾನೂ ಅಂಥದ್ದೊಂದು ಅಗ್ಗದ ಸೆಟ್ ತರಿಸಿದ್ದೆ. ಗ್ಲೌಸ್ ಇಲ್ಲದೆ ಕೆಲಸ ಮಾಡಿದೆ, ಹೊರಗೆ ಹೋದ ಜೆಲ್ಲನ್ನು ಹೆಬ್ಬೆರಳಲ್ಲೇ ಒರೆಸುತ್ತಿದ್ದೆ. ಮೂರು ತಿಂಗಳಿಗೆ ತುರಿಕೆ ಶುರುವಾಯಿತು, ಆಮೇಲೆ ಚರ್ಮ ಸುಲಿಯತೊಡಗಿತು. ಹಸಿಮೆಣಸಿನಕಾಯಿ ಹೆಚ್ಚುವುದೂ ಕಷ್ಟವಾಯಿತು. ಚರ್ಮದ ಡಾಕ್ಟರ್ ನೋಡಿದ ಕೂಡಲೇ "ಜೆಲ್ ಕೆಲಸ ಮಾಡ್ತೀರಾ" ಅಂದರು.

ಸಾದಾ ಪಾಲಿಶ್ ಗಾಳಿಗೆ ಒಣಗುತ್ತದೆ. ಜೆಲ್ ಹಾಗಲ್ಲ, ದೀಪದ ಬೆಳಕಿಗೆ ಗಟ್ಟಿಯಾಗುತ್ತದೆ. ಗಟ್ಟಿಯಾಗದೆ ಉಳಿದದ್ದು ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಬರಬಹುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಅದೇ ಜಾತಿಯ ವಸ್ತು ಹಲ್ಲಿಗೆ ತುಂಬುವ ಸಿಮೆಂಟಿನಲ್ಲೂ ಇರುತ್ತದೆ. ಹಾಗಾಗಿ ಹಲ್ಲಿನ ಡಾಕ್ಟರ ಹತ್ತಿರ ಹೋದಾಗಲೂ ನಾನು ಈ ವಿಷಯ ಮೊದಲೇ ಹೇಳಬೇಕು. ಜೆಲ್ ಗಟ್ಟಿಯಾಗಲು ಬಳಸುವ ಟಿಪಿಒ ಅನ್ನುವ ರಾಸಾಯನಿಕವನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಅಗ್ಗದ ಸೆಟ್ಟಿನ ಬಾಟಲಿ ಮೇಲೆ ಒಳಗೇನಿದೆ ಅಂತಲೂ ಎಷ್ಟೋ ಸಲ ಬರೆದಿರುವುದಿಲ್ಲ.

ಆಸೆಯಿದ್ದರೆ ಮದುವೆ ಗಿದುವೆಗೆ ಕಲಿತವರ ಹತ್ತಿರ ಒಮ್ಮೆ ಮಾಡಿಸಿಕೊಳ್ಳಿ. ತೆಗೆಯುವಾಗ ಎಬ್ಬಿ ಕೀಳಬೇಡಿ, ಉಗುರಿನ ಪದರವೂ ಜೊತೆಗೆ ಬರುತ್ತದೆ. ಮನೆಯ ಆಟಕ್ಕೆ ಸಾದಾ ಪಾಲಿಶ್ ಸಾಕು. ಅಂದ ಹಾಗೆ, ಅಂಟಿಸುವ ಉಗುರಿನ ಗೋಂದು ಚೆಲ್ಲಿದರೆ ಹತ್ತಿಯಿಂದ ಒರೆಸಬೇಡಿ. ಆ ಗೋಂದು ಹತ್ತಿಗೆ ಸೇರಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ.

ನಮಾಜಿಗೆ ಮೊದಲು ವುಜೂ ಮಾಡುವಾಗ ನೀರು ಉಗುರಿಗೆ ತಾಗಬೇಕು. ಅದಕ್ಕೇ ಪಾಲಿಶ್ ಹಚ್ಚುವುದಿಲ್ಲ. ನನಗೂ ಡಿಸೈನ್ ಆಸೆ ಇದೆ.
— ಓದುಗರು, ಭಟ್ಕಳ

ನಿಮಗೆ ಮದರಂಗಿ ಇದೆಯಲ್ಲ! ಅದು ಮೇಲೆ ಪೊರೆಯಾಗಿ ಕೂರುವುದಿಲ್ಲ, ಉಗುರಿಗೇ ಬಣ್ಣ ಇಳಿಯುತ್ತದೆ. ನಮ್ಮ ಕಡೆ ಆಷಾಢದಲ್ಲಿ ಅಜ್ಜಿ ಗೋರಂಟಿ ಸೊಪ್ಪು ಅರೆದು ಎಲ್ಲ ಬೆರಳಿಗೂ ಟೋಪಿ ಹಾಕುತ್ತಿದ್ದರು. ರಾತ್ರಿ ಪೂರ್ತಿ ಕೈ ಮೇಲೆತ್ತಿ ಮಲಗಬೇಕಿತ್ತು. ಅದಕ್ಕೇ ಸ್ವಲ್ಪ ಆಟ ಸೇರಿಸಿ. ಉಗುರಿಗೆ ಪುಟ್ಟ ಸ್ಟಿಕ್ಕರ್ ಬೊಟ್ಟು ಬಿಗಿಯಾಗಿ ಅಂಟಿಸಿ, ಅದರ ಮೇಲೆ ಗಟ್ಟಿಯಾಗಿ ಅರೆದ ಮದರಂಗಿ ಹಚ್ಚಿ. ಬೆಳಿಗ್ಗೆ ಬೊಟ್ಟು ತೆಗೆದರೆ ಕಿತ್ತಳೆ ಉಗುರಿನ ನಡುವೆ ಬಿಳಿ ಚಂದ್ರ. ನಕ್ಷತ್ರದ ಆಕಾರದ ಸ್ಟಿಕ್ಕರ್ ಸಿಕ್ಕಿದರೆ ಇನ್ನೂ ಚೆಂದ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಆದ್ದರಿಂದ ಚಂದ್ರ ನಿಧಾನಕ್ಕೆ ಮೇಲೇರುತ್ತಾ ತುದಿಗೆ ಹೋಗುತ್ತಾನೆ. ಪೂರ್ತಿ ಹೋಗಲು ನಾಲ್ಕರಿಂದ ಆರು ತಿಂಗಳು ಬೇಕು. ಆಕಾರವನ್ನು ಯೋಚಿಸಿ ಆರಿಸಿಕೊಳ್ಳಿ. ಕಪ್ಪು ಮೆಹಂದಿ ಅಂತ ಮಾರುವುದನ್ನು ಮಾತ್ರ ತರಬೇಡಿ. ಅದರಲ್ಲಿ ಕೂದಲಿಗೆ ಹಾಕುವ ಡೈ ಬೆರೆಸಿರುತ್ತಾರೆ, ಚರ್ಮ ಬೊಬ್ಬೆ ಏಳಬಹುದು.

ನಾನು ನಿವೃತ್ತ ಶಿಕ್ಷಕಿ, 63 ವರ್ಷ. ಕೆಲಸದಲ್ಲಿದ್ದಾಗ ಸೀಮೆಸುಣ್ಣದ ಕೈಗೆ ಬಣ್ಣ ಯಾಕೆ ಅಂತ ಬಿಟ್ಟೆ. ಈಗ ಮೊಮ್ಮಗಳು ಹಚ್ಚಿಕೊಳ್ಳುವುದನ್ನು ನೋಡಿ ಆಸೆಯಾಗಿದೆ. ಉಗುರಿನ ಮೇಲೆ ಉದ್ದುದ್ದ ಗೆರೆ ಬಂದಿದೆ, ಒಂದೆರಡು ಬಿಳಿ ಚುಕ್ಕಿಯೂ ಇದೆ. ಕ್ಯಾಲ್ಸಿಯಂ ಕಡಿಮೆಯಾ? ಜನ ನಗುವುದಿಲ್ಲವಾ?
— ಓದುಗರು, ಸಾಗರ

ಮೇಡಂ, ಬಿಳಿ ಚುಕ್ಕಿಗೂ ಕ್ಯಾಲ್ಸಿಯಂಗೂ ಸಂಬಂಧವಿಲ್ಲ. ಸಾಮಾನ್ಯವಾಗಿ ಯಾವಾಗಲೋ ಬಾಗಿಲಿಗೋ ಒರಳಿಗೋ ಉಗುರು ತಾಗಿದ ಗುರುತು ಅದು, ಬೆಳೆಯುತ್ತಾ ಹೋಗಿಬಿಡುತ್ತದೆ. ಉದ್ದ ಗೆರೆ ವಯಸ್ಸಾದಂತೆ ಎಲ್ಲರಿಗೂ ಬರುತ್ತದೆ. ಅದನ್ನು ಉಜ್ಜಿ ಸಮ ಮಾಡಲು ಹೋಗಬೇಡಿ, ಉಗುರು ತೆಳುವಾಗುತ್ತದೆ. ಗೆರೆ ತುಂಬುವ ಬೇಸ್ ಕೋಟ್ ಅಂತಲೇ ಸಿಗುತ್ತದೆ, ಅದನ್ನು ಹಚ್ಚಿ. ಮಿಂಚುವ ಬಣ್ಣ ಗೆರೆಯನ್ನು ಎತ್ತಿ ತೋರಿಸುತ್ತದೆ, ಮಿಂಚಿಲ್ಲದ್ದು ಆರಿಸಿ. ಕಣ್ಣಿನ ಆಪರೇಶನ್, ಮತ್ತೊಂದು ಅಂತ ಆಸ್ಪತ್ರೆಗೆ ಹೋಗುವುದಿದ್ದರೆ ಹಿಂದಿನ ದಿನವೇ ಬಣ್ಣ ತೆಗೆಯಿರಿ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಯಂತ್ರಕ್ಕೆ ಗಾಢ ಬಣ್ಣ ಅಡ್ಡ ಬರುತ್ತದೆ.

ಜನ ನಗಲಿ ಬಿಡಿ. ನಿಮಗೆ ನಾನು ಒಂದು ಡಿಸೈನ್ ಯೋಚಿಸಿದ್ದೇನೆ. ಉಂಗುರದ ಬೆರಳಿಗೆ ಕರಿಹಲಗೆಯ ಕಪ್ಪು, ಅದರ ಮೇಲೆ ಟೂತ್‌ಪಿಕ್ಕಿನಿಂದ ಬಿಳಿಯಲ್ಲಿ ಒಂದು "ಅ". ಎಡಗೈಗೆ ನೀವೇ ಬರೆದುಕೊಳ್ಳಿ, ನಿಮ್ಮ ಅಕ್ಷರ ದುಂಡಗೇ ಇರುತ್ತದೆ. ಬಲಗೈಗೆ ಮೊಮ್ಮಗಳ ಹತ್ತಿರ ಬರೆಸಿ, ಸೊಟ್ಟಗಿದ್ದರೆ ಒರೆಸಿ ಇನ್ನೊಮ್ಮೆ ಬರೆಸಿ. ಫೋಟೊ ಕಳಿಸುವುದನ್ನು ಮರೆಯಬೇಡಿ.