ಹಾಲಿವುಡ್‌ನಲ್ಲಿ ಒಂದು ಯೂನಿಯನ್ ಮುಷ್ಕರ ಮಾಡಿದರೆ ಉಳಿದ ಯೂನಿಯನ್‌ಗಳು ಹೇಗೆ ನೆರವಾಗುತ್ತವೆ?

ಎಲ್ಲರೂ ಒಟ್ಟಿಗೆ ಕೆಲಸ ನಿಲ್ಲಿಸಬಹುದಲ್ವಾ ಅಂತ ಅನ್ನಿಸುತ್ತದೆ. ಅದು ಅಷ್ಟು ಸುಲಭವಲ್ಲ. ಬರಹಗಾರರು, ನಟರು, ನಿರ್ದೇಶಕರು, ತಂತ್ರಜ್ಞರು, ಡ್ರೈವರ್‌ಗಳು ಎಲ್ಲರಿಗೂ ಬೇರೆ ಬೇರೆ ಯೂನಿಯನ್, ಬೇರೆ ಬೇರೆ ಒಪ್ಪಂದ. ಒಪ್ಪಂದ ಜಾರಿಯಲ್ಲಿರುವಷ್ಟು ದಿನ ಮುಷ್ಕರ ಮಾಡುವಂತಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಮಾತುಕತೆಗೆ ಎದುರಿಗೆ ಕೂರುವುದು ಮಾತ್ರ ದೊಡ್ಡ ಸ್ಟುಡಿಯೋಗಳೆಲ್ಲ ಸೇರಿದ ಒಂದೇ ಸಂಘ, ಎಎಂಪಿಟಿಪಿ.

ಆದರೂ ದಾರಿ ಇದೆ. 2023ರ ಮೇ 2ರಂದು ಬರಹಗಾರರು ಮುಷ್ಕರಕ್ಕೆ ಇಳಿದರು. ಟೀಮ್‌ಸ್ಟರ್ಸ್ ಯೂನಿಯನ್ನಿನ ಡ್ರೈವರ್‌ಗಳಿಗೆ ಪಿಕೆಟ್ ಸಾಲು, ಅಂದರೆ ಮುಷ್ಕರ ಮಾಡುವವರು ಗೇಟಿನ ಮುಂದೆ ನಿಲ್ಲುವ ಸಾಲು, ದಾಟದಿರುವ ಹಕ್ಕು ಒಪ್ಪಂದದಲ್ಲೇ ಇದೆ. ಗೇಟಿನ ಮುಂದೆ ಫಲಕ ಹಿಡಿದು ನಿಂತ ನಾಲ್ಕಾರು ಜನರನ್ನು ಕಂಡು, ಕ್ಯಾಮೆರಾ, ಲೈಟು ತುಂಬಿದ ಟ್ರಕ್ ವಾಪಸ್ ಹೋದರೆ ಅವತ್ತಿನ ಶೂಟಿಂಗ್ ನಿಂತಂತೆಯೇ. ವೇದಿಕೆ ಮೇಲಿನ ಬೆಂಬಲದ ಭಾಷಣಗಳಿಗಿಂತ ಇದರ ಪೆಟ್ಟೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಜುಲೈ 14ರಿಂದ ನಟರ ಯೂನಿಯನ್ ಸ್ಯಾಗ್-ಆಫ್ಟ್ರಾ ಕೂಡ ಬೀದಿಗಿಳಿಯಿತು. ಈ ಇಬ್ಬರೂ ಒಂದೇ ಕಾಲಕ್ಕೆ ಮುಷ್ಕರ ಮಾಡಿದ್ದು 1960ರ ನಂತರ ಅದೇ ಮೊದಲು.

ಹಾಗಂತ ಎಲ್ಲರೂ ಒಂದೇ ಹೆಜ್ಜೆ ಹಾಕಲಿಲ್ಲ. ನಿರ್ದೇಶಕರ ಸಂಘ ಜೂನ್ ಮೊದಲ ವಾರಕ್ಕೇ ಸ್ಟುಡಿಯೋಗಳ ಜೊತೆ ತನ್ನ ಹೊಸ ಒಪ್ಪಂದಕ್ಕೆ ಬಂತು. ತಂತ್ರಜ್ಞರಂತೂ ತಮ್ಮದಲ್ಲದ ಮುಷ್ಕರದಲ್ಲಿ ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂತರು. ಅವರು ಕೊಟ್ಟ ಬೆಲೆಯ ಬಗ್ಗೆ ಮಾತು ಕಡಿಮೆಯೇ.

2024ರಲ್ಲಿ ಅವರ ಸರದಿ ಬಂತು. ತಂತ್ರಜ್ಞರ ಯೂನಿಯನ್ ಐಎಟಿಎಸ್‌ಇ, ಟೀಮ್‌ಸ್ಟರ್ಸ್ ಮತ್ತಿತರ ಯೂನಿಯನ್‌ಗಳು ಆರೋಗ್ಯ ವಿಮೆ, ಪಿಂಚಣಿಯ ಮಾತುಕತೆಗೆ ಒಟ್ಟಾಗಿ ಕೂತವು. ಆ ನಿಧಿ ಅವರೆಲ್ಲರಿಗೂ ಒಂದೇ ಆಗಿತ್ತು. ಸಂಬಳದ ಮಾತು ಆಮೇಲೆ ಬೇರೆ ಬೇರೆಯಾಗಿ ನಡೆದು, ಮುಷ್ಕರವಿಲ್ಲದೆ ಮುಗಿಯಿತು.