ಬಾರದ ಮಗು ಎಲ್ಲಿದೆ ಅಂತ ಮೊದಲ ಪೀರಿಯಡ್ಡಲ್ಲೇ ಗೊತ್ತಾಗ್ಬೇಕು

ಪ್ರಶ್ನೆ: ಮೇಷ್ಟ್ರೇ, ಹೊಸನಗರ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಈ ವರ್ಷದಿಂದ ನಾನು ಪ್ರಭಾರ ಎಚ್ಚೆಮ್ಮು (ಮುಖ್ಯ ಶಿಕ್ಷಕಿ). ಮಕ್ಳು ಹಳ್ಳ, ಕಾಲುಸಂಕ (ನಡೆದು ದಾಟೋ ಸಣ್ಣ ಸೇತುವೆ) ದಾಟಿ ಬರ್ತಾರೆ, ಮಳೆ ಹಿಡೀತು ಅಂದ್ರೆ ನಂಗೆ ಎದೆ ಢವಢವ. ಇದ್ರ ಜೊತೆ ಏಳನೇ ಕ್ಲಾಸಿನ ಒಬ್ಳು ಹುಡುಗಿ, ಚೆನ್ನಾಗಿ ಮಾತಾಡ್ಕೊಂಡಿದ್ದೋಳು, ಈಗ ಬಾಯೇ ಬಿಡ್ತಿಲ್ಲ. ಎಸ್‌ಡಿಎಂಸಿಯವ್ರು (ಶಾಲೆಯ ಅಭಿವೃದ್ಧಿ, ಉಸ್ತುವಾರಿ ಸಮಿತಿ) ಸಿಸಿ ಕ್ಯಾಮೆರಾ ಹಾಕ್ಸಿ ಅಂತಿದಾರೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಹಾಜರಿ ಪುಸ್ತಕದಿಂದ ಶುರು ಮಾಡಿ ಮೇಡಂ, ಕ್ಯಾಮೆರಾ ಆಮೇಲೆ ನೋಡ್ಕೊಳ್ಳೋಣ. ಕ್ಯಾಮೆರಾ ಬೇಡ ಅಂತಲ್ಲ, ಆದ್ರೆ ನಮ್ ಕಡೆ ಆಷಾಢದಲ್ಲಿ ಕರೆಂಟೇ ಇರಲ್ಲ, ಲೈನ್ ಮೇಲೆ ಒಂದು ಮರ ಬಿತ್ತು ಅಂದ್ರೆ ಮೂರ್ನಾಲ್ಕು ದಿನ ಕತ್ಲೆ. ಅಲ್ದೆ ಮಕ್ಳಿಗೆ ತೊಂದ್ರೆ ಆಗೋದು ಕ್ಯಾಮೆರಾ ಇಲ್ಲದ ಕಡೆನೇ ಜಾಸ್ತಿ, ದಾರೀಲಿ, ಹಳ್ಳದಲ್ಲಿ, ಶೌಚಾಲಯದ ಹಿಂದೆ, ಎಷ್ಟೋ ಸಲ ಮನೆ ಒಳಗೇ.

ಹಾಜರಿ ಎಲ್ಲ ಶಾಲೇಲೂ ಹಾಕ್ತಾರೆ, ಬಿಸಿಯೂಟದ ಲೆಕ್ಕಕ್ಕೆ ಬೇಕಲ್ಲ. ನಾನ್ ಹೇಳೋದು ಬೇರೆ. ಮೊದಲ ಪೀರಿಯಡ್ ಮುಗಿಯೋದ್ರೊಳಗೆ ಬಾರದ ಮಕ್ಳ ಹೆಸರು ನಿಮ್ ಟೇಬಲ್ ಮೇಲೆ ಇರ್ಬೇಕು, ಒಂದೊಂದು ಹೆಸರಿಗೂ ಒಂದೊಂದು ಫೋನ್ ಹೋಗ್ಬೇಕು. ಯಾಕಂದ್ರೆ ಮಳೆಗಾಲದಲ್ಲಿ ಮನೆಯವ್ರು "ಶಾಲೆಗೆ ಹೋಗಿದಾನೆ" ಅಂದ್ಕೊಂಡಿರ್ತಾರೆ, ಶಾಲೆಯವ್ರು "ಮಳೆ ಅಲ್ವಾ, ಬಂದಿಲ್ಲ ಬಿಡು" ಅಂದ್ಕೊಂಡಿರ್ತಾರೆ, ಸಂಜೆವರೆಗೂ ಆ ಮಗೂನ ಹುಡುಕೋರೇ ಇರಲ್ಲ. ನೆಟ್‌ವರ್ಕ್ ಎಲ್ಲಿದೆ ಮಾರಾಯ್ರೆ ಅಂತೀರಾ, ಗೊತ್ತು. ಆದ್ರೆ ಪ್ರತಿ ಕೇರಿಲೂ ಸಿಗ್ನಲ್ ಸಿಗೋ ಒಂದು ಮನೆ ಇರ್ತದೆ, ಇಲ್ಲಾ ಆಶಾ ಕಾರ್ಯಕರ್ತೆನೋ ಅಂಗನವಾಡಿ ಟೀಚರ್ರೋ ಇರ್ತಾರೆ, ಅವ್ರ ನಂಬರ್ ಬರೆದು ಆಫೀಸ್ ಗೋಡೆಗೆ ಅಂಟ್ಸಿ.

ಸಂಕದ ವಿಷ್ಯ. ಮೇ ಕೊನೇಲಿ, ಶಾಲೆ ಶುರುವಾಗೋ ಮುಂಚೆ, ಎಸ್‌ಡಿಎಂಸಿ ಅಧ್ಯಕ್ಷರನ್ನೂ ವಾರ್ಡ್ ಮೆಂಬರನ್ನೂ ಕರ್ಕೊಂಡು ಮಕ್ಳು ಬರೋ ದಾರೀನೆಲ್ಲ ಒಂದ್ಸಲ ನಡೆದು ನೋಡಿ, ಜೀಪಲ್ಲಿ ಅಲ್ಲ. ಸಂಕಕ್ಕೆ ಹಾಸಿದ ಅಡಿಕೆ ಮರದ ದಬ್ಬೆ ಮೇಲೆ ಪಾಚಿ ಕಟ್ಟಿದೆಯಾ, ಹಿಡ್ಕೊಳ್ಳೋಕೆ ಹಗ್ಗನೋ ಬಿದಿರೋ ಇದ್ಯಾ, ಇದ್ರೂ ಅದು ಎರಡನೇ ಕ್ಲಾಸಿನ ಮಗು ಕೈಗೆ ಎಟುಕ್ತದಾ? ದೊಡ್ಡೋರ ಎದೆ ಮಟ್ಟಕ್ಕೆ ಕಟ್ಟಿರ್ತಾರೆ, ಸಣ್ ಮಕ್ಳು ಅದ್ರ ಅಡೀಲೇ ಹೋಗ್ತವೆ. ಕಂಡಿದ್ದನ್ನೆಲ್ಲ ಬರೆದು ಪಂಚಾಯ್ತಿಗೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಮಕ್ಕಳ ಗ್ರಾಮಸಭೇಲೂ ಮಕ್ಳ ಬಾಯಿಂದ್ಲೇ ಹೇಳ್ಸಿ. ಇನ್ನೊಂದು, ಡಿಸಿಯವ್ರ ರಜೆ ಮೆಸೇಜ್ ಬರೋ ಹೊತ್ತಿಗೆ ದೂರದ ಮಕ್ಳು ಆಗ್ಲೇ ಮನೆ ಬಿಟ್ಟಿರ್ತಾರೆ. ರಜೆ ಅಂತ ಗೊತ್ತಾದ ಕೂಡ್ಲೆ ಅವ್ರನ್ನ ಗೇಟಿಂದ್ಲೇ ವಾಪಸ್ ಕಳಿಸ್ಬೇಡಿ, ಬರುವಾಗ ಇದ್ದ ಹಾಗೆ ಹಳ್ಳ ಹೋಗುವಾಗ ಇರಲ್ಲ, ಉಕ್ಕಿರ್ತದೆ. ಒಳಗೆ ಕೂರ್ಸಿ, ಮನೆಯಿಂದ ಯಾರಾದ್ರೂ ದೊಡ್ಡೋರು ಬಂದ್ಮೇಲೇ ಬಿಡಿ.

(ಮಳೆ ಹೋದ್ಮೇಲೂ ಸುಮ್ನಿರೋ ಹಾಗಿಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದ್ಲು ಕಂಡಿದ್ದು ನಮ್ ಸೊರಬದ ಕ್ಯಾಸನೂರು ಕಾಡಲ್ಲೇ. ಕಾಡಂಚಿನ ಶಾಲೆ ಆದ್ರೆ ಡಿಸೆಂಬರಿಂದ ಮೇವರೆಗೆ ಮಕ್ಳ ಕೈಲಿ ದರಗು, ಅಂದ್ರೆ ಒಣಗಿದ ಎಲೆ, ಗುಡಿಸ್ಬೇಡಿ, ಕಾಯಿಲೆ ಹರಡೋ ಉಣುಗು (ಉಣ್ಣೆ) ಹತ್ತೋದು ಅಲ್ಲಿಂದ್ಲೇ. ಸತ್ತ ಮಂಗ ಕಂಡ್ರೆ ಮುಟ್ಟದೆ ಪಿಎಚ್‌ಸಿಗೆ ಹೇಳಿ.)

ಈಗ ಆ ಹುಡುಗಿ. ಅವ್ಳ ಹಾಜರೀನ ಒಂದ್ಸಲ ಹಿಂದಕ್ಕೆ ತಿರುವಿ ನೋಡಿ, ಯಾವ ಯಾವ ದಿನ ಬಂದಿಲ್ಲ ಅಂತ. ಪ್ರತಿ ತಿಂಗಳು ಅದೇ ಮೂರ್ನಾಲ್ಕು ದಿನ ತಪ್ತಿದ್ರೆ ಶೌಚಾಲಯಕ್ಕೆ ನೀರಿದ್ಯಾ, ಬಾಗಿಲಿಗೆ ಚಿಲಕ ಇದ್ಯಾ ನೋಡಿ. ಅಡಿಕೆ ಕೊಯ್ಲಿನ ಟೈಮಾದ್ರೆ ಬೆರಳು ನೋಡಿ, ರಾತ್ರಿಯೆಲ್ಲ ಅಡಿಕೆ ಸುಲಿದಿದ್ರೆ ಹೆಬ್ಬೆರಳು ಕಪ್ಪಾಗಿರ್ತದೆ, ಕ್ಲಾಸಲ್ಲಿ ತೂಕಡಿಸ್ತಾರೆ. ಇದ್ಯಾವುದೂ ಅಲ್ಲ ಅಂದ್ರೆ ಅವ್ಳಿಗೆ ಇಷ್ಟ ಇರೋ ಟೀಚರ್, ಅಡುಗೆಯ ಅಕ್ಕ ಆದ್ರೂ ಸರಿ, ಪಕ್ಕದಲ್ಲಿ ಕೂತು ಮಾತಾಡ್ಸ್ಲಿ. ಸ್ಟಾಫ್ ರೂಮಿಗೆ ಕರೆದು ನಾಲ್ಕು ಜನ ಸುತ್ತ ನಿಂತು ಕೇಳಿದ್ರೆ ಯಾವ ಮಗೂನೂ ಹೇಳಲ್ಲ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡ್ಬೇಡಿ, ಉಳಿಸ್ಕೊಳ್ಳೋಕೆ ಆಗಲ್ಲ.

ಯಾಕಂದ್ರೆ ಅವ್ಳು ಲೈಂಗಿಕ ಕಿರುಕುಳದ ವಿಷ್ಯ ಹೇಳಿದ್ರೆ, 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸ್ಲೇಬೇಕು. ಮಾಡಿದೋನು ಶಾಲೆ ಸಿಬ್ಬಂದಿನೇ ಆಗಿದ್ದು ಮುಖ್ಯಸ್ಥರು ಮುಚ್ಚಿಟ್ರೆ ಒಂದು ವರ್ಷದವರೆಗೆ ಜೈಲು, ದಂಡ. "ಊರಿನ ಮರ್ಯಾದೆ, ಹುಡುಗಿ ಭವಿಷ್ಯ, ಕೂತು ಮಾತಾಡಿ ಮುಗ್ಸೋಣ" ಅಂತ ದೊಡ್ ಮನುಷ್ಯರು ಬಂದೇ ಬರ್ತಾರೆ, ಕಾಫಿ ಕೊಟ್ಟು ಕಳ್ಸಿ. ನೀವೇ ತನಿಖೆಗೆ ಇಳೀಬೇಡಿ, ಅವ್ಳು ಹೇಳಿದ ಮಾತನ್ನ ಹೇಳಿದ ಹಾಗೇ, ದಿನಾಂಕ ಹಾಕಿ ಬರೆದಿಡಿ, ಮತ್ತೆ ಮತ್ತೆ ಕೇಳ್ಬೇಡಿ. ಪೊಲೀಸ್ ಅಂದ್ರೆ ಮಗು ಹೆದರ್ತದೆ ಅಂತ ಹಿಂಜರಿಯೋರಿಗೆ ಒಂದ್ ಮಾತು: ಹೇಳಿಕೆ ತಗೊಳ್ಳೋ ಅಧಿಕಾರಿ ಯೂನಿಫಾರಂ ಹಾಕೋ ಹಾಗಿಲ್ಲ, ಮಗು ಮನೇಲೋ ಅದು ಹೇಳಿದ ಜಾಗದಲ್ಲೋ ತಗೋಬೇಕು, ಆದಷ್ಟು ಮಹಿಳಾ ಸಬ್‌ಇನ್‌ಸ್ಪೆಕ್ಟರೇ ಇರ್ಬೇಕು ಅಂತ ಅದೇ ಕಾಯ್ದೇಲಿದೆ. 1098 ಹಗಲೂ ರಾತ್ರಿ ಇರೋ ಮಕ್ಕಳ ಸಹಾಯವಾಣಿ, ಮಗೂನೇ ಮಾಡ್ಬಹುದು, ಹಾಗಾಗಿ ಆ ನಂಬರನ್ನ ಆಫೀಸಲ್ಲಲ್ಲ, ಮಕ್ಳು ಕೈ ತೊಳಿಯೋ ನಲ್ಲಿ ಹತ್ರ ಬರೆಸಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಮಗ ಆರನೇ ಕ್ಲಾಸು. ವ್ಯಾನಲ್ಲಿ ಹೋಗಲ್ಲ ಅಂತ ದಿನಾ ಬೆಳಿಗ್ಗೆ ಅಳ್ತಾನೆ. ಪ್ರಿನ್ಸಿಪಾಲ್ ಕೇಳಿದ್ರೆ "ವ್ಯಾನ್ ನಮ್ದಲ್ಲ, ಪ್ರೈವೇಟ್ ಅವ್ರದು" ಅಂತಾರೆ.

ಉತ್ತರ: ವ್ಯಾನ್ ಅವ್ರದಲ್ದೇ ಇರ್ಬಹುದು, ಅದ್ರೊಳಗಿರೋ ಮಕ್ಳು ಅವ್ರವೇ ಅಲ್ವಾ. ಯಾವ ವ್ಯಾನಲ್ಲಿ ಯಾರ್ಯಾರು ಬರ್ತಾರೆ, ಡ್ರೈವರ್ ಯಾರು, ಅವ್ನ ಲೈಸೆನ್ಸ್, ಫೋನ್ ನಂಬರ್, ಇಷ್ಟು ಶಾಲೇಲಿ ಇಟ್ಕೊಂಡಿರ್ಲೇಬೇಕು, ಇಲ್ದಿದ್ರೆ ಒಂದು ಮಗು ಬರಲಿಲ್ಲ ಅಂತ ಅವ್ರಿಗೆ ಗೊತ್ತಾಗೋದಾದ್ರೂ ಹೇಗೆ. ಇದನ್ನ ಬಾಯಲ್ಲಿ ಕೇಳ್ಬೇಡಿ, ಪತ್ರ ಬರೆದು ಕೇಳಿ, ಇನ್ನೂ ನಾಲ್ಕು ಜನ ತಂದೆ ತಾಯಿ ಸಹಿ ಹಾಕ್ಸಿ, ಉತ್ತರ ಬರದಿದ್ರೆ ಅದೇ ಪತ್ರದ ಕಾಪಿ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ). ಮಗನ್ನ "ಯಾಕೆ ಹೋಗಲ್ಲ" ಅಂತ ಗದರಿಸೋದು ಬಿಟ್ಟು ಯಾರ ಪಕ್ಕ ಕೂರ್ತೀಯಾ, ಯಾರು ಕೊನೇಲಿ ಇಳೀತಾರೆ ಅಂತ ವಿಚಾರ್ಸಿ, ವಿಷ್ಯ ಅಲ್ಲೇ ಇರ್ತದೆ. ಅದು ಗೊತ್ತಾಗೋವರೆಗೆ ನೀವೇ ಬಿಟ್ಟು ಕರ್ಕೊಂಡ್ಬನ್ನಿ. ಅಳು ಅದಾದ್ಮೇಲೂ ನಿಲ್ಲದಿದ್ರೆ, ನಿದ್ದೆ ಊಟ ಬಿಟ್ರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.